ವೀರಗಲ್ಲಿನಿಂದ ಒಬ್ಬ ವ್ಯಕ್ತಿಯ ಬದುಕನ್ನು ಓದುವ ಬಗೆ

ಊರಬಾಗಿಲ ಬಳಿ, ಕೆರೆಯ ಏರಿಯ ಮೇಲೆ, ದೇವಸ್ಥಾನದ ಮಗ್ಗುಲಲ್ಲಿ ನಿಂತಿರುವ ವೀರಗಲ್ಲು (ಕಾದಿ ಮಡಿದವರ ನೆನಪಿನ ಕಲ್ಲು) ಮತ್ತು ಮಾಸ್ತಿಕಲ್ಲುಗಳು (ಗಂಡ ಸತ್ತಾಗ ಬೆಂಕಿಗೆ ಬಿದ್ದ ಹೆಂಗಸರ ನೆನಪಿನ ಕಲ್ಲುಗಳು), ಅರಸರ ಸಾಲಿಗೆ ಸೇರದ ಜನರ ಚರಿತ್ರೆಗೆ ಕರ್ನಾಟಕದಲ್ಲಿ ಉಳಿದಿರುವ ಅಮೂಲ್ಯ ಆಕರಗಳು. ಇವುಗಳನ್ನು ಓದಲು ಹಳಗನ್ನಡದ ಪಾಂಡಿತ್ಯವೇ ಬೇಕೆಂದಿಲ್ಲ. ತಾಳ್ಮೆ ಮತ್ತು ಒಂದು ಕ್ರಮ ಇದ್ದರೆ ಆಸಕ್ತಿಯುಳ್ಳ ಯಾರಾದರೂ ಒಂದು ಕಲ್ಲಿನಿಂದ ಒಬ್ಬ ಮನುಷ್ಯನ ಬದುಕಿನ ಒಂದು ದಿನವನ್ನಾದರೂ ತಿಳಿದುಕೊಳ್ಳಬಹುದು.

ಕಲ್ಲಿನ ಬಳಿಗೆ ಹೋಗುವುದಾದರೆ ಬೆಳಗಿನ ಅಥವಾ ಇಳಿಹೊತ್ತಿನ ಓರೆಬಿಸಿಲಿನಲ್ಲಿ ಹೋಗಬೇಕು, ಏಕೆಂದರೆ ನಡುಹಗಲಿನ ನೇರ ಬೆಳಕಿನಲ್ಲಿ ಸವೆದ ಅಕ್ಷರಗಳು ಕಾಣಿಸುವುದೇ ಇಲ್ಲ. ನೆರಳಿನಲ್ಲಿರುವ ಕಲ್ಲಾದರೆ ಟಾರ್ಚನ್ನು ಒಂದು ಮಗ್ಗುಲಿಂದ, ಕಲ್ಲಿನ ಮೈಗೆ ಹತ್ತಿಕೊಂಡಂತೆ ಹಿಡಿದು, ಬೇರೆ ಬೇರೆ ದಿಕ್ಕಿನಿಂದ ಚಿತ್ರ ತೆಗೆದುಕೊಳ್ಳಬೇಕು. ಅಕ್ಷರ ಎದ್ದು ಕಾಣಲೆಂದು ಸುಣ್ಣ ಬಳಿಯುವುದು, ಎಣ್ಣೆ ಹಚ್ಚುವುದು, ಮೊಳೆಯಿಂದ ಕೆರೆಯುವುದು ಯಾವ ಕಾರಣಕ್ಕೂ ಕೂಡದು. ಸಾವಿರ ವರ್ಷ ಮಳೆಗಾಳಿಗೆ ಉಳಿದ ಅಕ್ಷರವನ್ನು ಒಂದು ಮೊಳೆ ಅರೆಗಳಿಗೆಯಲ್ಲಿ ಅಳಿಸಿಬಿಡುತ್ತದೆ.

ಅಕ್ಷರಕ್ಕಿಂತ ಮೊದಲು ಚಿತ್ರವನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವಿನಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ ಮತ್ತು ನಂದಿ, ತುದಿಯಲ್ಲಿ ಸೂರ್ಯಚಂದ್ರರು ಇರುತ್ತಾರೆ. ಮೇಲಿನ ಎರಡು ಪಟ್ಟಿಕೆಗಳು ಕಲ್ಲಿನಿಂದ ಕಲ್ಲಿಗೆ ಹೆಚ್ಚು ಬದಲಾಗುವುದಿಲ್ಲ. ಆದ್ದರಿಂದ ವ್ಯಕ್ತಿಯ ವಿಷಯವನ್ನು ಹೇಳುವುದು ಕೆಳಗಿನ ಪಟ್ಟಿಕೆಯೇ. ಅಲ್ಲಿ ದನಗಳ ಸಾಲಿದ್ದರೆ ಅದು ತುರುಗೊಳ್, ಅಂದರೆ ಕಳ್ಳರು ಹೊಡೆದುಕೊಂಡು ಹೋದ ದನಗಳನ್ನು ಬಿಡಿಸಲು ಹೋಗಿ ಸತ್ತವನ ಕಲ್ಲು. ಹಂದಿ ಅಥವಾ ಹುಲಿ ಇದ್ದರೆ ಬೇಟೆಯಲ್ಲಿ ಮಡಿದವನದು. ಕಂಬವೊಂದರಿಂದ ಬಳೆ ತೊಟ್ಟ ತೋಳು ಮೇಲಕ್ಕೆ ಬಾಗಿ ನಿಂತಿದ್ದರೆ ಅದು ಮಾಸ್ತಿಕಲ್ಲು.

ಬರಹವಿದ್ದರೆ ಅದರ ಅಚ್ಚಾದ ಪಾಠ ಸಿಗುವ ಸಾಧ್ಯತೆ ಹೆಚ್ಚು. ಬಿ. ಎಲ್. ರೈಸ್ ಅವರು 1886ರಿಂದ ಹೊರತಂದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ ಸಂಖ್ಯೆ ಕೊಡಲಾಗಿದೆ. ಮೈಸೂರು ವಿಶ್ವವಿದ್ಯಾನಿಲಯವು ಪರಿಷ್ಕೃತ ಸಂಪುಟಗಳನ್ನೂ ಪ್ರಕಟಿಸಿದೆ. ತಾಲ್ಲೂಕಿನ ಗಡಿಗಳು ಆಗಿನಿಂದ ಬದಲಾಗಿರುವುದರಿಂದ ನೆರೆಯ ತಾಲ್ಲೂಕಿನ ಪಟ್ಟಿಯನ್ನೂ ನೋಡುವುದು ಒಳ್ಳೆಯದು.

ಪಾಠ ಕೈಗೆ ಬಂದಾಗ ಮೊದಲಲ್ಲಿ ಬರುವ ಅರಸನ ಬಿರುದುಗಳ ಸಾಲುಗಳನ್ನು ಕಾಲ ತಿಳಿಯುವಷ್ಟಕ್ಕೆ ಓದಿ ಬಿಟ್ಟು, ‘ಸತ್ತಂ’ (ಸತ್ತನು), ‘ಕಾದಿ’ (ಹೋರಾಡಿ), ‘ಇಱಿದು’ (ಇರಿದು) ಎಂಬಂಥ ಕ್ರಿಯಾಪದಗಳನ್ನು ಹುಡುಕಬೇಕು. ನಾವು ಹುಡುಕುವ ವ್ಯಕ್ತಿ ಇರುವುದು ಅಲ್ಲಿಯೇ. ಬೇಗೂರಿನ ನಾಗನಾಥೇಶ್ವರ ದೇವಾಲಯದ ಶಾಸನವನ್ನು ಎಲ್ಲರೂ ಉಲ್ಲೇಖಿಸುವುದು ‘ಬೆಂಗುಳೂರು’ ಎಂಬ ಹೆಸರಿಗಾಗಿ. ಆ ಶಾಸನ ಹೇಳುವ ಕಾಳಗದಲ್ಲಿ ಮಡಿದವನು ನಾಗತ್ತರನ ಮಗ ಬುಟ್ಟಣಸೆಟ್ಟಿ ಎಂಬುದನ್ನು ನೆನೆಯುವವರು ವಿರಳ. ಕಲ್ಲು ನಿಲ್ಲಿಸಿದ್ದಾದರೂ ಊರಿನ ಹೆಸರನ್ನು ಉಳಿಸಲೆಂದಲ್ಲ, ಸತ್ತವರ ಹೆಸರು ಉಳಿಯಲೆಂದು.

ಈ ಕ್ರಮವನ್ನು ಆತಕೂರಿನ ಕಲ್ಲಿನ ಮೇಲೆ ಪ್ರಯೋಗಿಸಿ ನೋಡಬಹುದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಿಂದ ಬಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಕಲ್ಲಿನಲ್ಲಿ ಒಂದು ನಾಯಿಯೂ ಒಂದು ಹಂದಿಯೂ ಎದುರುಬದುರಾಗಿ ಕಾದಾಡುತ್ತಿವೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಯುದ್ಧವನ್ನು ಶಾಸನ ಹೇಳುತ್ತದೆಯಾದರೂ, ಕಲ್ಲು ಹುಟ್ಟಿದ್ದು ಅದಕ್ಕಲ್ಲ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬವನಿಗೆ ಒಡೆಯ ಬೂತುಗನು ಮೆಚ್ಚಿ ‘ಬೇಡಿಕೊ’ ಎಂದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕೆಳಲೆನಾಡಿನ ಬೆಳತೂರಿನ ಪಡುವಣ ಬೆಟ್ಟದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಹಂದಿಯೂ ಕಾಳಿಯೂ ಒಂದನ್ನೊಂದು ಕೊಂದು ಸತ್ತವು. ಅದಕ್ಕಾಗಿ ಚಲ್ಲೇಶ್ವರ ದೇವರ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪ ತಗಲುವುದೆಂದೂ ಬರೆಸಿದರು. ಬೇಡಿದ್ದನ್ನು ಕೊಡುವ ಒಡೆಯನ ಮುಂದೆ ನಿಂತು ನಾಯಿಯನ್ನು ಬೇಡಿದವನ ಸ್ವಭಾವ ಎಂಥದ್ದೆಂದು ಊಹಿಸಲು ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಡ.

ಕಾಲನಿರ್ಣಯಕ್ಕೂ ಇದೇ ಕಲ್ಲು ಒಳ್ಳೆಯ ಪಾಠ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ. ಪುಷ್ಯದಿಂದ ಫಾಲ್ಗುಣದವರೆಗಿನ ತಿಂಗಳುಗಳಿಗೆ ಬಹುಮಟ್ಟಿಗೆ 79. ಆತಕೂರು ಶಾಸನದಲ್ಲಿ ಶಕ 872, ಸೌಮ್ಯ ಸಂವತ್ಸರ ಎಂದಿದೆ. ಕೂಡಿಸಿದರೆ 950 ಬರುತ್ತದೆ, ಆದರೆ ಸೌಮ್ಯ ಆರಂಭವಾದದ್ದು 949ರಲ್ಲಿ. ಬರೆದವನು ಮುಗಿದ ವರ್ಷಗಳನ್ನಷ್ಟೇ ಅಲ್ಲದೆ ನಡೆಯುತ್ತಿರುವ ವರ್ಷವನ್ನೂ ಎಣಿಸಿದ್ದರಿಂದ ಈ ವ್ಯತ್ಯಾಸ. ಹಾಗಾಗಿ ಸಂವತ್ಸರದ ಹೆಸರನ್ನು ಪಂಚಾಂಗದ ಅರವತ್ತು ವರ್ಷಗಳ ಚಕ್ರಕ್ಕೆ ಹೊಂದಿಸಿ ನೋಡದೆ ಇಸವಿ ಬರೆಯಬಾರದು.

ಒಂದೇ ಓದನ್ನು ನಂಬಿ ಯಾರ ಮೇಲೂ ತೀರ್ಪು ಕೊಡಬಾರದೆಂಬುದಕ್ಕೂ ಈ ಶಾಸನವೇ ಸಾಕ್ಷಿ. ಮೊದಲ ಪ್ರಕಟಣೆಯಲ್ಲಿ ಬೂತುಗನು ರಾಜಾದಿತ್ಯನನ್ನು ವಂಚನೆಯಿಂದ ಕೊಂದನೆಂಬ ಅರ್ಥ ಹೊರಟಿತ್ತು. ಆನೆಯ ಅಂಬಾರಿಯೇ ಕದನದ ಕಣವಾಯಿತೆಂಬ ಓದು ಆಮೇಲೆ ಬಂದಿತು. ಸೋತ ಚೋಳರ ತಾಮ್ರಶಾಸನವೂ ರಾಜಾದಿತ್ಯನು ಆನೆಯ ಮೇಲೆ ಕುಳಿತಿದ್ದಾಗ ಬಾಣ ತಾಗಿ ಮಡಿದನೆಂದೇ ಹೇಳುತ್ತದೆ. ಎದುರಾಳಿಯ ದಾಖಲೆ ಒಪ್ಪಿದ ಮಾತಿಗೆ ತೂಕ ಹೆಚ್ಚು.

ಮಾಸ್ತಿಕಲ್ಲುಗಳನ್ನು ಓದುವಾಗ ಇನ್ನಷ್ಟು ಎಚ್ಚರ ಬೇಕು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ ಶಕ 979ರ, ಅಂದರೆ 1057ರ ದೇಕಬ್ಬೆಯ ಶಾಸನವಿದೆ (ಕಾಳಿ ಸತ್ತ ಬೆಳತೂರು ಬೇರೆ, ಒಂದೇ ಹೆಸರಿನ ಊರುಗಳನ್ನು ನಾಡಿನ ಹೆಸರಿನಿಂದ ಬೇರ್ಪಡಿಸಿಕೊಳ್ಳಬೇಕು). ಆಕೆಯ ಗಂಡ ಏಚನು ಅರಸನ ಸಂಬಂಧಿಯನ್ನು ಕೊಂದುದಕ್ಕಾಗಿ ತಲಕಾಡಿನಲ್ಲಿ ಮರಣದಂಡನೆಗೆ ಗುರಿಯಾದ. ಸುದ್ದಿ ತಿಳಿದ ದೇಕಬ್ಬೆ ಬೆಂಕಿಗೆ ಬಿದ್ದಳು. ಶಾಸನಕವಿ ಆಕೆಯನ್ನು ಹೊಗಳುತ್ತಾನೆ. ಆದರೆ ತಂದೆತಾಯಿ ಬೇಡವೆಂದು ತಡೆದರೆಂಬುದನ್ನೂ ಅದೇ ಶಾಸನ ದಾಖಲಿಸಿದೆ. ಹೊಗಳಿಕೆಯನ್ನು ಮಾತ್ರ ಎತ್ತಿಕೊಂಡು ಈ ತಡೆಯನ್ನು ಬಿಟ್ಟು ಬರೆಯುವುದು, ಆ ಮನೆಯಲ್ಲಿ ನಡೆದದ್ದರ ಅರ್ಧವನ್ನು ಮುಚ್ಚಿಟ್ಟಂತೆ.

ಓದಿದ್ದನ್ನು ಬರೆದಿಡುವಾಗ ಕಲ್ಲು ಹೇಳಿದ್ದು, ಸಂಪಾದಕರು ಊಹಿಸಿದ್ದು, ನಿಮ್ಮ ಊಹೆ ಇವನ್ನು ಬೇರೆ ಬೇರೆಯಾಗಿಯೇ ಬರೆಯಬೇಕು; ಊರಿನವರು ಹೇಳುವ ಕಥೆ ಶಾಸನಕ್ಕೆ ಹೊಂದದಿದ್ದರೂ ಅದನ್ನು ಪ್ರತ್ಯೇಕವಾಗಿ ದಾಖಲಿಸಬೇಕು. ಕಲ್ಲಿನ ಎತ್ತರ, ಅಗಲ, ಅದು ನಿಂತಿರುವ ಜಾಗದ ಸರ್ವೆ ನಂಬರು, ಚಿತ್ರ ತೆಗೆದ ದಿನಾಂಕ ಇವೂ ಇರಲಿ. ಸಂಪುಟಗಳಲ್ಲಿ ಕಾಣದ ಬರಹ ಸಿಕ್ಕರೆ ಕಲ್ಲನ್ನು ಅಲುಗಿಸದೆ, ಚಿತ್ರಗಳೊಡನೆ ರಾಜ್ಯದ ಪುರಾತತ್ವ ಇಲಾಖೆಗೆ ಬರೆದು ತಿಳಿಸಿ.