ಕಕ್ಕಡದ ಮಳೆಯಲ್ಲಿ ಬಿಸಿ ಕಾಯುವ ಹೊದಿಕೆ

ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದ ಮಳೆ ಹಿಡಿದರೆ ಮಡಿಕೇರಿಯಲ್ಲಿ ಒಲೆಯಿಂದ ಇಳಿಸಿದ ಕಾಫಿ ಜಗಲಿಗೆ ಬರುವಷ್ಟರಲ್ಲಿ ಆರಿರುತ್ತದೆ. ಪಾತ್ರೆಗೆ, ಬಾಟಲಿಗೆ ಸುತ್ತಲು ಏನಾದರೂ ಕೊಳ್ಳುವ ಮೊದಲು ಮನೆಯ ಅಟ್ಟವನ್ನೊಮ್ಮೆ ಹುಡುಕಿ.

ಕಂಬಳಿ, ಹುಲ್ಲು, ಥರ್ಮೋಕೋಲ್ ಎಲ್ಲವೂ ಮಾಡುವುದು ಒಂದೇ ಕೆಲಸ: ಗಾಳಿಯನ್ನು ಅಲುಗಾಡದಂತೆ ಹಿಡಿದಿಡುವುದು. ಆ ಜಾಗಕ್ಕೆ ನೀರು ಹೊಕ್ಕರೆ ಮುಗಿಯಿತು. ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ಸಲೀಸಾಗಿ ಶಾಖ ಸಾಗಿಸುತ್ತದೆ. ಆದ್ದರಿಂದ ನಮ್ಮೂರಿನಲ್ಲಿ ದಪ್ಪ ನೋಡುವುದಕ್ಕಿಂತ ಮೊದಲು ತೇವ ಹೀರುತ್ತದೆಯೇ ಎಂದು ನೋಡಬೇಕು. ಹತ್ತಿ ಒದ್ದೆಯಾದರೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ಉಣ್ಣೆಯ ಸುರುಳಿ ಎಳೆಗಳು ನೆನೆದರೂ ಒಂದಿಷ್ಟು ಗಾಳಿ ಉಳಿಸಿಕೊಳ್ಳುತ್ತವೆ. ಮಕ್ಕಳ ಶಾಲೆಯ ಬಾಟಲಿಗೆ ಹಳೆಯ ಕಂಬಳಿಯ ತುಂಡು ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಹೊದಿಕೆ ಹಾಕಿ.

ಹಿಡಿಕೆಗೆ ಮರವೇ ವಾಸಿ. ಸ್ಟೀಲು ಅಲ್ಯೂಮಿನಿಯಂನಷ್ಟು ಬೇಗ ಕಾಯದಿದ್ದರೂ ಕೈ ಸುಡುವುದನ್ನು ಬಿಡುವುದಿಲ್ಲ. ಮಸಿಬಟ್ಟೆಯಂತೂ ಒಣಗಿರಲೇಬೇಕು. ಒದ್ದೆ ಬಟ್ಟೆಯಲ್ಲಿ ಕಡಂಬುಟ್ಟಿನ (ಹಬೆಯಲ್ಲಿ ಬೇಯಿಸುವ ಅಕ್ಕಿ ಉಂಡೆಯ) ಪಾತ್ರೆ ಇಳಿಸಲು ಹೋಗಿ ಬೆರಳು ಬೊಬ್ಬೆ ಎದ್ದ ದಿನ ನನಗೆ ಇನ್ನೂ ನೆನಪಿದೆ.

ಅನ್ನ, ಸಾರು ಬಿಸಿಯಾಗಿರಲು ಹುಲ್ಲಿನ ಪೆಟ್ಟಿಗೆ ಮಾಡಿಕೊಳ್ಳಿ. ಪಾತ್ರೆಯ ಸುತ್ತ ಅರ್ಧ ಗೇಣು ಜಾಗ ಉಳಿಯುವಂಥ ಮರದ ಅಥವಾ ರಟ್ಟಿನ ಪೆಟ್ಟಿಗೆ ಸಾಕು. ಗದ್ದೆಯ ಹುಲ್ಲನ್ನೋ ಭತ್ತದ ಹೊಟ್ಟನ್ನೋ ಒಲೆಯ ಮೇಲಿನ ಅಟ್ಟದಲ್ಲಿ ಚೆನ್ನಾಗಿ ಒಣಗಿಸಿ, ಬಟ್ಟೆಯ ಚೀಲಗಳಿಗೆ ತುಂಬಿ, ತಳಕ್ಕೂ ಬದಿಗೂ ಇಡಿ. ತೀರಾ ಒತ್ತಿ ತುಂಬಬೇಡಿ, ಗಾಳಿಗೆ ಜಾಗ ಬೇಕು. ಕುದಿಯುತ್ತಿರುವ ಪಾತ್ರೆಯನ್ನು ಮುಚ್ಚಳ ಸಮೇತ ಇಳಿಸಿ, ಮೇಲೂ ಒಂದು ಚೀಲ ಹೊದಿಸಿ. ಈ ಮೇಲಿನ ಚೀಲವನ್ನೇ ಹಲವರು ಮರೆಯುತ್ತಾರೆ. ಬಿಸಿಯೆಲ್ಲ ಹಬೆಯಾಗಿ ಹೋಗುವುದು ಅಲ್ಲಿಂದಲೇ. ಥರ್ಮೋಕೋಲ್ ಹಗುರ, ನೀರೂ ಹೀರುವುದಿಲ್ಲ. ಆದರೆ 100 ಡಿಗ್ರಿಯ ಹತ್ತಿರ ಮೆತ್ತಗಾಗುವುದರಿಂದ ಕುದಿಯುವ ಪಾತ್ರೆಗೆ ತಾಗಿಸಬಾರದು. ಪೆಟ್ಟಿಗೆಯನ್ನು ಒಲೆಯಿಂದ ದೂರವಿಡಿ. ಪಂದಿ ಕರಿಯಂಥ ಮಾಂಸದ ಅಡುಗೆ 60 ಡಿಗ್ರಿಗಿಂತ ಕೆಳಗಿಳಿದು ಉಗುರು ಬೆಚ್ಚಗಾಗಲು ಬಿಡಬೇಡಿ.

ಫ್ಲಾಸ್ಕಿನಲ್ಲಂತೂ ಎರಡು ಗೋಡೆಗಳ ನಡುವಿನ ಗಾಳಿಯನ್ನೇ ಹೊರತೆಗೆದಿರುತ್ತಾರೆ. 1892ರಲ್ಲಿ ವಿಜ್ಞಾನಿ ಜೇಮ್ಸ್ ಡ್ಯೂವರ್ ಕಂಡುಕೊಂಡ ಉಪಾಯವದು. ಕಾಫಿ ಹಾಕುವ ಮೊದಲು ಬಿಸಿನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಿ.

ಯಾವ ಬಟ್ಟೆ ಒಳ್ಳೆಯದೆಂಬ ಗೊಂದಲವಿದ್ದರೆ ಒಂದೇ ಅಳತೆಯ ಎರಡು ಲೋಟಗಳಿಗೆ ಸಮನಾಗಿ ಬಿಸಿನೀರು ಹಾಕಿ, ಬೇರೆ ಬೇರೆ ಬಟ್ಟೆ ಸುತ್ತಿ, ಮುಚ್ಚಿ, ಅರ್ಧ ಗಂಟೆಯ ನಂತರ ಮುಟ್ಟಿ ನೋಡಿ. ಮತ್ತೊಮ್ಮೆ ಬಟ್ಟೆಗಳನ್ನು ನೆನೆಸಿ ಹಿಂಡಿ ಅದನ್ನೇ ಮಾಡಿ. ಎರಡು ಸಲವೂ ಗೆದ್ದದ್ದನ್ನು ಬಾಟಲಿಗೆ ಹೊಲಿಯಿರಿ. ಇನ್ನೊಂದು ನೆಲ ಒರೆಸಲು ಇರಲಿ.