ಹಾಸನದ ಛತ್ರಕ್ಕೆ 60 ಅಡಿ ಪಿಟಿ ಬೀಮ್ ಹಾಕಿದ್ದು, ನನ್ನ ಅನುಭವ

ನಾನು ಹಾಸನದಲ್ಲಿ ಹತ್ತೊಂಬತ್ತು ವರ್ಷದಿಂದ ಸಿವಿಲ್ ಕೆಲಸ ಮಾಡ್ತಿದೀನಿ, ಮನೆ, ಅಂಗಡಿ ಮಳಿಗೆ, ಕಾಫಿ ಗೋಡೌನ್ ಎಲ್ಲಾ ಕಟ್ಟಿದೀನಿ, ಆದ್ರೆ ಪೋಸ್ಟ್ ಟೆನ್ಷನಿಂಗ್ (ಪಿಟಿ), ಅಂದ್ರೆ ಕಾಂಕ್ರೀಟ್ ಗಟ್ಟಿಯಾದ ಮೇಲೆ ಒಳಗಿನ ಉಕ್ಕಿನ ಕೇಬಲ್ ಎಳೆದು ಬಿಗಿಯೋದನ್ನ ಸ್ವಂತ ಸೈಟಲ್ಲಿ ಮಾಡಿದ್ದು ಬಿಎಂ ರೋಡ್ ಪಕ್ಕದ ಒಂದು ಕಲ್ಯಾಣ ಮಂಟಪಕ್ಕೇ ಮೊದಲು. ಯಜಮಾನ್ರು ಆಲೂಗಡ್ಡೆ ವ್ಯಾಪಾರದವರು. ಅವರದು ಒಂದೇ ಹಠ, ಹಾಲ್ ಮಧ್ಯ ಒಂದು ಕಂಬವೂ ಇರಬಾರದು, ಹಿಂದಿನ ಸಾಲಲ್ಲಿ ಕೂತ ಅಜ್ಜಿಗೂ ಧಾರೆ ಕಾಣಬೇಕು ಅಂತ. ಅಗಲ 18 ಮೀಟರ್, ಅಂದ್ರೆ ಹತ್ರಹತ್ರ 60 ಅಡಿ. ಮಾಮೂಲಿ ಆರ್‌ಸಿಸಿ ಬೀಮ್ ಹಾಕಿದ್ರೆ ಐದಡಿ ಆಳ ಬರುತ್ತೆ, ಹಾಲ್ ಗುಹೆ ಥರ ಆಗ್ಬಿಡುತ್ತೆ ಅಂದ್ರು ಡಿಸೈನ್ ಮಾಡೋರು, ಪಿಟಿ ಮಾಡಿದ್ರೆ 1 ಮೀಟರ್‌ಗೆ ಮುಗಿಸ್ಬೋದು. ಹಂಗಾಗಿ ಆರು ಮೀಟರ್‌ಗೊಂದರಂತೆ ಐದು ಬೀಮ್, ಒಂದೊಂದ್ರಲ್ಲೂ ಎರಡೆರಡು ಕೇಬಲ್, ಒಂದೊಂದು ಕೇಬಲ್‌ಗೆ 12.7 ಮಿಮೀ ಸ್ಟ್ರ್ಯಾಂಡ್ (ಹೆಣೆದ ಉಕ್ಕಿನ ತಂತಿ) ಹನ್ನೆರಡು.

ಇದೇನು ಇಂಜಿನಿಯರ್ರೇ, ಕಾಂಕ್ರೀಟ್ ಒಳಗೆ ಹಗ್ಗ ಹಾಕಿ ಎಳೀತೀರಾ ಅಂತ ಯಜಮಾನ್ರು ಕೇಳಿದಾಗ ಎತ್ತಿನ ಗಾಡಿ ಚಕ್ರದ ಉದಾಹರಣೆ ಕೊಟ್ಟೆ. ಕಬ್ಬಿಣದ ಪಟ್ಟಾನ ಕೆಂಪಗೆ ಕಾಯಿಸಿ ಮರದ ಚಕ್ರಕ್ಕೆ ಏರಿಸಿ ನೀರು ಹಾಕ್ತಾರಲ್ಲ, ತಣ್ಣಗಾಗ್ತಾ ಪಟ್ಟಾ ಬಿಗೀತಾ ಚಕ್ರದ ಎಲ್ಲಾ ತುಂಡನ್ನೂ ಅಮುಕಿ ಹಿಡ್ಕೊಳತ್ತೆ, ಆಮೇಲೆ ಎಷ್ಟು ಭಾರ ಹೊತ್ರೂ ಸಂದು ಬಿಡಲ್ಲ. ಇಲ್ಲೂ ಅಷ್ಟೇ, ಕಾಂಕ್ರೀಟ್‌ಗೆ ಎಳೆತ ತಡ್ಕೊಳೋ ಶಕ್ತಿ ಕಮ್ಮಿ, ಅದಕ್ಕೇ ಭಾರ ಬರೋ ಮುಂಚೇನೇ ಅಮುಕಿ ಇಟ್ಬಿಡೋದು. 1928ರಲ್ಲೇ ಫ್ರಾನ್ಸಿನ ಫ್ರೆಸಿನೆ ಇದಕ್ಕೆ ಪೇಟೆಂಟ್ ತಗೊಂಡಿದ್ರು. ಮಾಮೂಲಿ ಸ್ಟೀಲ್ ಹಾಕಿ ಹಿಂಗೆ ಎಳೆದ್ರೆ ಪ್ರಯೋಜನ ಇಲ್ಲ, ಕಾಂಕ್ರೀಟು ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಕುಗ್ಗಿ ಆ ಬಿಗಿ ಎಲ್ಲಾ ತಿಂದು ಹಾಕತ್ತೆ, ತುಂಬಾ ಗಟ್ಟಿ ತಂತಿ ಇದ್ದು ತುಂಬಾ ಜೋರಾಗಿ ಎಳೆದ್ರೆ ಮಾತ್ರ ಕೊನೇಗೂ ಒಂದಷ್ಟು ಉಳಿಯತ್ತೆ. ಅದನ್ನ ಅವರು ಕಂಡ್ಕೊಂಡಿದ್ದೇ ದೊಡ್ಡ ವಿಷ್ಯ.

ಸ್ಟ್ರ್ಯಾಂಡ್ ಕಾಯಿಲ್ ಬಂದಿದ್ದು ಡಿಸೆಂಬರ್ ಮೊದಲ ವಾರ. ಬೆಂಗಳೂರಿಂದ ಬಂದ ಪಿಟಿ ಟೀಮಿನ ಹುಡುಗರು ಮೊದಲು ಕೇಳಿದ್ದು ಮರದ ದಿಮ್ಮಿ ಮತ್ತೆ ಟಾರ್ಪಾಲ್. ಅದೇ ವಾರ ಅಕಾಲ ಮಳೆ ಹಿಡ್ಕೊಳ್ತು, ಸಕಲೇಶಪುರ ಕಡೆ ಎಲ್ಲರೂ ಕಣದಲ್ಲಿ ಒಣಗಾಕಿದ್ದ ಕಾಫಿ ಮೇಲೆ ಟಾರ್ಪಾಲ್ ಹೊದಿಸ್ತಿದ್ರೆ ನಾವು ಇಲ್ಲಿ ತಂತಿ ಮೇಲೆ ಹೊದಿಸ್ತಿದ್ವಿ. ಮಾಮೂಲಿ ಕಂಬಿಗೆ ಸ್ವಲ್ಪ ತುಕ್ಕು ಬಂದ್ರೆ ಉಜ್ಜಿ ಹಾಕ್ತೀವಿ, ಇದು ಹಂಗಲ್ಲ, ಏಳು ಸಣ್ಣ ಎಳೆ ಹೆಣೆದಿರೋ ತಂತಿ, ಜೀವಮಾನ ಪೂರ್ತಿ ಎಳೆತದಲ್ಲೇ ಇರತ್ತೆ, ತುಕ್ಕು ಒಂದು ಸಣ್ಣ ಕುಳಿ ಮಾಡಿದ್ರೂ ಅಲ್ಲಿಂದಲೇ ಹರಿಯತ್ತೆ.

ಜನ ಪಿಟಿ ಅಂದ್ರೆ ಜಾಕ್ ಇಟ್ಟು ಎಳೆಯೋದು ಅನ್ಕೊಂಡಿದಾರೆ, ನಾನೂ ಹಂಗೇ ಅನ್ಕೊಂಡಿದ್ದೆ. ಎಳೆಯೋದು ಎರಡು ದಿನದ ಕೆಲಸ ಅಷ್ಟೇ. ನಿಜವಾದ ಕೆಲಸ ಡಕ್ಟ್ ಕಾಯೋದು. ಡಕ್ಟ್ ಅಂದ್ರೆ ಕೇಬಲ್ ಹಾದುಹೋಗೋ ತಗಡಿನ ಕೊಳವೆ, ಬೀಮಿನ ಎರಡೂ ತುದಿಯಲ್ಲಿ ಮೇಲಿದ್ದು ಮಧ್ಯದಲ್ಲಿ ಕೆಳಗೆ ಇಳಿಯತ್ತೆ, ಉಯ್ಯಾಲೆ ಹಗ್ಗ ಜೋತು ಬಿದ್ದಂಗೆ. ಮೀಟರ್‌ಗೊಂದು ಕಡೆ ಎಷ್ಟು ಎತ್ತರದಲ್ಲಿರ್ಬೇಕು ಅಂತ ಡ್ರಾಯಿಂಗಲ್ಲಿ ಇರತ್ತೆ, ಅದನ್ನ ನಾನೇ ಟೇಪ್ ಹಿಡಿದು ಒಂದೊಂದೂ ನೋಡಿದೆ. ಕೊಳವೆಗೆ ಕೊಳವೆ ಸೇರೋ ಕಡೆ ಟೇಪ್ ಸುತ್ತಿದ್ದೂ ನೋಡಿದೆ. ನೋಡಿದೆ ಅಂತ ಹೇಳ್ತಿದೀನಿ, ಆದ್ರೂ ಒಂದು ಕಡೆ ತಪ್ಪಿತು.

ಕಾಂಕ್ರೀಟ್ ದಿನ, ಎಂ40 ದರ್ಜೆ ಕಾಂಕ್ರೀಟ್, ಬೂಮ್ ಪಂಪ್ ಬಂದಿದೆ, ಲಾರಿಗಳು ಸಾಲಾಗಿ ನಿಂತಿವೆ, ಎಲ್ಲರಿಗೂ ಅವಸರ. ನಾಲ್ಕನೇ ಬೀಮ್ ಹತ್ರ ಹೊಸ ಹುಡುಗ ಒಬ್ಬ ವೈಬ್ರೇಟರ್ ಸೂಜಿನ ಡಕ್ಟ್ ಮೇಲೇ ಊರಿ ನಿಂತಿದ್ದ, ನಮ್ಮ ಮೇಸ್ತ್ರಿ ಕೂಗಿ ತೆಗೆಸೋ ಹೊತ್ತಿಗೆ ಅರ್ಧ ನಿಮಿಷ ಆಗಿತ್ತೇನೋ. ಸಂಜೆ ಪಿಟಿ ಹುಡುಗರು ಪ್ರತಿ ಕೇಬಲ್‌ನ ತಂತಿಗಳನ್ನ ಈ ಕಡೆ ಆ ಕಡೆ ಎಳೆದಾಡಿಸಿ ನೋಡಿದ್ರು. ಒಂಬತ್ತು ಸಲೀಸಾಗಿ ಓಡಿದ್ವು, ನಾಲ್ಕನೇ ಬೀಮಿನ ಕೆಳಗಿನ ಕೇಬಲ್ ಮಾತ್ರ ಬಿಗಿ. ಸ್ಲರಿ (ಸಿಮೆಂಟ್ ನೀರು) ಒಳಗೆ ಹೋಗಿದೆ ಸಾರ್ ಅಂದ ಅವರಲ್ಲೊಬ್ಬ. ರಾತ್ರಿ ಹತ್ತೂವರೆವರೆಗೂ ಆ ತಂತಿಗಳನ್ನ ಹಿಂದೆ ಮುಂದೆ ಆಡಿಸ್ತಾನೇ ಇದ್ವಿ, ಹಾಸನದ ಡಿಸೆಂಬರ್ ಚಳಿಲಿ, ಒಳಗೆ ಗಟ್ಟಿಯಾಗಿ ಕಚ್ಕೊಳೋಕೆ ಬಿಡಬಾರದು ಅಂತ. ಅವತ್ತು ಅದನ್ನ ಮಾಡದೇ ಮನೆಗೆ ಹೋಗಿದ್ದಿದ್ರೆ ಆ ಬೀಮ್ ಕತೆ ಬೇರೆನೇ ಆಗ್ತಿತ್ತು.

ಕ್ಯೂಬ್ ವಿಷ್ಯ ಒಂದು ಹೇಳ್ಬೇಕು, ಅದೇ ಕಾಂಕ್ರೀಟಲ್ಲಿ ಶಕ್ತಿ ಪರೀಕ್ಷೆಗೆ ಅಂತ ಅಚ್ಚು ಹಾಕೋ ಗಟ್ಟಿಗಳು. ಎಳೆಯೋ ಮುಂಚೆ ಕಾಂಕ್ರೀಟ್ ಶಕ್ತಿ 32 ಎಂಪಿಎ (ಒತ್ತಡ ತಡ್ಕೊಳೋ ಶಕ್ತಿಯ ಅಳತೆ) ಆದ್ರೂ ಬಂದಿರ್ಬೇಕು ಅಂತ ಡಿಸೈನರ್ ಬರೆದುಕೊಟ್ಟಿದ್ರು. ನಾನು ಕೆಲವು ಕ್ಯೂಬ್‌ಗಳನ್ನ ತೊಟ್ಟೀಲಿ ಹಾಕದೇ ಬೀಮ್ ಪಕ್ಕದಲ್ಲೇ ಅದೇ ಒದ್ದೆ ಗೋಣಿಚೀಲದ ಕೆಳಗೆ ಇಟ್ಟಿದ್ದೆ, ಬೀಮ್ ಅನುಭವಿಸಿದ ಚಳಿನೇ ಅವೂ ಅನುಭವಿಸಲಿ ಅಂತ. ಏಳನೇ ದಿನ 29 ಬಂತು. ಯಜಮಾನ್ರಿಗೆ ಕಸಿವಿಸಿ, ವೈಶಾಖಕ್ಕೆ ಆಗ್ಲೇ ಮದುವೆ ಬುಕ್ ಆಗಿದಾವೆ. ನಾನು ಆಗಲ್ಲ ಅಂದೆ, ಎಳೆ ಕಾಂಕ್ರೀಟ್ ಮೇಲೆ, ಕೇಬಲ್ ತುದೀನ ಹಿಡಿದಿಡೋ ಒಂದೊಂದು ಆಂಕರ್ ಹಿಂದೆ 165 ಟನ್ ಕೂರತ್ತೆ, ತುದಿ ಪುಡಿಯಾದ್ರೆ ಯಾರು ಕಟ್ಟಿಕೊಡ್ತಾರೆ. ಹತ್ತನೇ ದಿನ 34 ಬಂತು, ಆಗ ಜಾಕ್ ಏರಿಸಿದ್ವಿ.

ಎಳೆಯೋ ದಿನ ಮೊದಲ ನಿಯಮ, ಜಾಕ್ ಹಿಂದೆ ಯಾರೂ ನಿಲ್ಲಬಾರದು. ಒಂದೊಂದು ತಂತಿಲಿ ಹತ್ರಹತ್ರ 14 ಟನ್ ಇರತ್ತೆ, ತಂತಿ ಕಚ್ಚಿ ಹಿಡಿಯೋ ವೆಡ್ಜ್ ಜಾರಿದ್ರೆ ಗುಂಡು ಬಂದಂಗೆ ಬರತ್ತೆ. ಹಿಂದೆ ಮರಳು ಮೂಟೆ ಪೇರಿಸಿ, ನೋಡೋಕೆ ಬಂದಿದ್ದ ಯಜಮಾನ್ರ ತಮ್ಮನ್ನೂ ಕೈ ಹಿಡಿದು ಆಚೆ ಕಳಿಸಿದೆ. ಮೊದಲು ಸ್ವಲ್ಪ ಎಳೆದು ಸಡಿಲ ತೆಗೆದು ತಂತಿಗೆ ಸ್ಪ್ರೇ ಪೇಂಟ್ ಗುರುತು ಹಾಕ್ತಾರೆ, ಆಮೇಲೆ ಹಂತಹಂತವಾಗಿ ಪೂರ್ತಿ, ಹರಿಯೋ ಶಕ್ತಿಯ ಮುಕ್ಕಾಲು ಭಾಗದವರೆಗೆ. ಗೇಜ್ ಒಂದನ್ನೇ ನಂಬಲ್ಲ, ತಂತಿ ಎಷ್ಟು ಉದ್ದ ಬಂತು ಅಂತ ಅಳೀತಾರೆ, ಎರಡೂ ತಾಳೆ ಆಗ್ಬೇಕು. ನಮಗೆ ಲೆಕ್ಕದ ಪ್ರಕಾರ 118 ಮಿಮೀ ಬರ್ಬೇಕಿತ್ತು, ಐದು ಪರ್ಸೆಂಟ್ ಹೆಚ್ಚುಕಮ್ಮಿ ನಡೆಯತ್ತೆ.

ಮೊದಲನೇ ಬೀಮ್ ಎಳೀವಾಗ ನಾನು ಕೆಳಗೆ ನಿಂತಿದ್ದೆ. ಬೀಮ್‌ಗೆ ಆಸರೆ ಕೊಟ್ಟಿದ್ದ ಮಧ್ಯದ ಸೆಂಟ್ರಿಂಗ್ ಜಾಕಿ ಹಿಡ್ಕೊಂಡಿದ್ದೆ, ಬೆಳಿಗ್ಗೆ ರಾಡ್ ಹಾಕಿ ತಿರುಗಿಸಿದ್ರೂ ಅಲ್ಲಾಡದ ಜಾಕಿ, ಮೇಲೆ ಪಂಪ್ ಸದ್ದು ಏರ್ತಾ ಏರ್ತಾ ಹಂಗೇ ಸಡಿಲ ಆಗಿ ಬರೀ ಕೈಯಲ್ಲಿ ಗಿರ್ರಂತ ತಿರುಗ್ತು. ಬೀಮ್ ತನ್ನ ಭಾರ ತಾನೇ ಎತ್ಕೊಂಡಿತ್ತು. ಲೆವೆಲ್ ಇಟ್ಟು ನೋಡಿದ್ರೆ ಮಧ್ಯದಲ್ಲಿ 7 ಮಿಮೀ ಮೇಲೆದ್ದಿದೆ. ಅಷ್ಟು ವರ್ಷ ಕಾಂಕ್ರೀಟ್ ಕೆಳಗೆ ಬಾಗೋದನ್ನೇ ನೋಡಿದವನಿಗೆ ಅದು ಮೇಲೆದ್ದಿದ್ದು ನೋಡಿ ಮೈ ಜುಂ ಅಂತು.

ನಾಲ್ಕನೇ ಬೀಮಿನ ಆ ಕೇಬಲ್ ಪೂರ್ತಿ ಪ್ರೆಷರ್‌ಗೂ 97 ಮಿಮೀ ಬಂದು ನಿಂತ್ಕೊಂಡ್ಬಿಡ್ತು. ಅಂದ್ರೆ ಜಾಕ್ ಇರೋ ಕಡೆ ಬಲ ಬಂದಿದೆ, ಸ್ಲರಿ ಕಚ್ಚಿರೋ ಜಾಗದಿಂದ ಆಚೆಗೆ ಪೂರ್ತಿ ಹೋಗಿಲ್ಲ. ಇನ್ನೂ ಜೋರಾಗಿ ಎಳೆಯೋಣ ಅಂತ ಒಬ್ಬರು ಅಂದ್ರು, ಅದು ಮಾತ್ರ ಮಾಡಬಾರದು, ತಂತಿ ಹರಿಯತ್ತೆ. ಡಿಸೈನರ್‌ಗೆ ಫೋನ್ ಮಾಡಿ, ಅವರು ಹೇಳಿದಂಗೆ ಜಾಕ್‌ನ ಇನ್ನೊಂದು ತುದಿಗೆ ಹೊತ್ಕೊಂಡು ಹೋಗಿ ಅಲ್ಲಿಂದ ಎಳೆದ್ವಿ, 16 ಮಿಮೀ ಸೇರ್ತು, ಒಟ್ಟು 113. ಅವರು ಮತ್ತೆ ಲೆಕ್ಕ ಹಾಕಿ ಬರಹದಲ್ಲಿ ಒಪ್ಪಿಗೆ ಕಳಿಸಿದ ಮೇಲೇನೇ ತಂತಿ ತುದಿ ಕತ್ತರಿಸಿದ್ದು. ಎರಡೂ ಕಡೆ ಎಳೆಯೋ ಥರ ಆಂಕರ್ ಹಾಕಿದ್ರಿಂದ ಬಚಾವಾದ್ವಿ.

ಗ್ರೌಟಿಂಗ್, ಅಂದ್ರೆ ಎಳೆದಾದ ಮೇಲೆ ಕೊಳವೆಯೊಳಗೆ ಸಿಮೆಂಟ್ ಕಲಸಿ ತುಂಬೋದು, ಅದರ ಬಗ್ಗೆ ಮಾತ್ರ ಯಾರೇ ಇದನ್ನ ಮಾಡಿದ್ರೂ ಕೈ ಮುಗಿದು ಕೇಳ್ಕೋತೀನಿ, ಇದನ್ನ ಹೆಲ್ಪರ್‌ಗಳ ಮೇಲೆ ಬಿಟ್ಟು ಹೋಗ್ಬೇಡಿ. ಗೋವಾದಲ್ಲಿ ಪಣಜಿ ಹತ್ರ ಮಾಂಡೋವಿ ಸೇತುವೆ 1986ರ ಜುಲೈಲಿ ಬಿದ್ದಿದ್ದು ಒಳಗಿನ ಕೇಬಲ್ ತುಕ್ಕು ಹಿಡಿದು. ಅದಕ್ಕೂ ಮುಂಚೆ 1985ರಲ್ಲಿ ವೇಲ್ಸ್‌ನಲ್ಲಿ 1953ರ ಒಂದು ಸೇತುವೆ ಇದೇ ಕಾರಣಕ್ಕೆ ಬಿತ್ತು, ಹೊರಗಿಂದ ಯಾವ ಸೂಚನೇನೂ ಇರಲಿಲ್ಲ. ಬ್ರಿಟನ್‌ನಲ್ಲಿ 1992ರಿಂದ ಕೆಲವು ವರ್ಷ ಗ್ರೌಟ್ ಮಾಡೋ ಹೊಸ ಪಿಟಿ ಸೇತುವೆಗಳನ್ನೇ ನಿಲ್ಲಿಸಿಬಿಟ್ಟಿದ್ರು. ಕೊಳವೆಯೊಳಗೆ ಒಂದು ಕಡೆ ಗಾಳಿ ಉಳಿದ್ರೆ, ನೀರು ಬೇರೆಯಾಗಿ ಮೇಲಿನ ತುದಿಲಿ ನಿಂತ್ರೆ, ಅಲ್ಲಿಂದ ಶುರು.

50 ಕೆಜಿ ಸಿಮೆಂಟ್ ಮೂಟೆಗೆ 21 ಲೀಟರ್ ನೀರು, ಬಕೆಟ್ ಒಳಗೆ ಕೆಂಪು ಪೇಂಟಲ್ಲಿ ಗೆರೆ ಹಾಕಿ ನಾನೇ ಪಕ್ಕದಲ್ಲಿ ನಿಂತೆ. ಪಂಪ್ ಮಾಡೋ ಹುಡುಗ ಒಂಚೂರು ನೀರು ಬಿಡಿ ಸಾರ್ ಸಲೀಸಾಗಿ ಹೋಗತ್ತೆ ಅಂತ ಮೂರು ಸಲ ಕೇಳಿದ, ಬಿಡಲಿಲ್ಲ. ಈ ತುದಿಲಿ ಹಾಕಿದಷ್ಟೇ ಮಂದವಾಗಿ ಆ ತುದಿಲಿ ಬರೋವರೆಗೂ ಹರಿಯಕ್ಕೆ ಬಿಟ್ಟು, ಆಮೇಲೆ ಬಾಯಿ ಮುಚ್ಚಿ ಪ್ರೆಷರ್ ಹಿಡಿದು ನಿಲ್ಲಿಸೋದು. ತೊಂದ್ರೆ ಕೊಟ್ಟ ಕೇಬಲ್ ಇಲ್ಲೂ ಸತಾಯಿಸಿತು, ನೀರು ಬಿಟ್ಟು ನೋಡಿದಾಗ ಸಣ್ಣಗೆ ಬಂತು, ಗ್ರೌಟ್ ಬರೋಕೆ ಬೇರೇದಕ್ಕಿಂತ ಎರಡರಷ್ಟು ಹೊತ್ತು ಆಯ್ತು, ಆದ್ರೆ ಬಂತು, ಬೆರಳಲ್ಲಿ ಉಜ್ಜಿ ನೋಡಿದೆ, ಗಟ್ಟಿ ಮೊಸರಿನಂಗಿತ್ತು.

ಈಗ ಛತ್ರ ನಡೀತಿದೆ. ಬೀಮ್ ಕೆಳಗೆ ಕೇಬಲ್ ಹೋಗಿರೋ ದಾರಿಗೆ ಹಳದಿ ಪೇಂಟಲ್ಲಿ ಗೆರೆ ಎಳೆಸಿದೀನಿ, ಡ್ರಾಯಿಂಗ್‌ನ ಫ್ರೇಮ್ ಹಾಕ್ಸಿ ಆಫೀಸ್ ರೂಮಲ್ಲಿ ನೇತಾಕ್ಸಿದೀನಿ. ಹೋದ ತಿಂಗಳು ಡೆಕೊರೇಷನ್ ಹುಡುಗರು ಹೂವಿನ ಚಪ್ಪರಕ್ಕೆ ಕೊಕ್ಕೆ ಬೇಕು ಅಂತ ಡ್ರಿಲ್ ಹಿಡ್ಕೊಂಡು ಏಣಿ ಹತ್ತಿದ್ರಂತೆ, ಯಜಮಾನ್ರೇ ಓಡಿ ಹೋಗಿ ಪ್ಲಗ್ ಕಿತ್ತು ನನಗೆ ಫೋನ್ ಮಾಡಿದ್ರು, ಹಳದಿ ಗೆರೆಯಿಂದ ಎಷ್ಟು ದೂರ ಇರ್ಬೇಕು ಹೇಳಿ ಅಂತ.