ರಟ್ಟಿನ ಚಕ್ರದಲ್ಲಿ ಎತ್ತು ನಡೆಸೋದು ಹೇಗೆ

ಯೂಟ್ಯೂಬಲ್ಲಿ ನೋಡಿದ್ರೆ ಎಲ್ರೂ ಮಕ್ಕಳ ಕೈಲಿ ಮೊದಲು ಝೋಟ್ರೋಪೇ ಮಾಡ್ಸೋದು, ಡಬ್ಬಕ್ಕೆ ಕಿಂಡಿ ಕೊಯ್ದು ಒಳಗೆ ಚಿತ್ರದ ಪಟ್ಟಿ ಇಟ್ಟು ತಿರುಗ್ಸೋದು ಅಷ್ಟೇ ಅಂತ. ಅಷ್ಟೇ ಅಲ್ಲ ಕಣ್ರೀ. ಡಬ್ಬ ಓಲಾಡುತ್ತೆ, ಪಟ್ಟಿ ಉದ್ದ ಸರಿ ಹೋಗಲ್ಲ, ಮಕ್ಕಳು ಎದ್ದು ಹೋಗ್ತಾರೆ. ಸಿನಿಮಾ ಬರೋಕೆ ಮುಂಚೆ ಚಿತ್ರ ಓಡಾಡೋ ಹಾಗೆ ಕಾಣ್ಸೋ ಈ ಆಟಿಕೆಗಳೆಲ್ಲ ಯಾವ ಕ್ರಮದಲ್ಲಿ ಬಂದ್ವೋ ಅದೇ ಕ್ರಮದಲ್ಲಿ ಮಾಡಿ, ಸುಲಭದ್ದು ಮೊದಲು ಬರುತ್ತೆ.

ಎಲ್ಲಕ್ಕಿಂತ ಮೊದಲು ಥಾಮಟ್ರೋಪ್. 1825ರಲ್ಲಿ ಲಂಡನ್ನಿನಲ್ಲಿ ಜಾನ್ ಏರ್ಟನ್ ಪ್ಯಾರಿಸ್ ಅನ್ನೋ ಡಾಕ್ಟ್ರು ಮಾರಾಟಕ್ಕೆ ತಂದ ಆಟಿಕೆ, ಒಂದು ಕಡೆ ಹಕ್ಕಿ ಇನ್ನೊಂದು ಕಡೆ ಪಂಜರ, ತಿರುಗ್ಸಿದ್ರೆ ಹಕ್ಕಿ ಪಂಜರದೊಳಗೆ ಕಾಣುತ್ತೆ. ಹಳೇ ಮದುವೆ ಕಾರ್ಡ್ ಗುಂಡಗೆ ಕತ್ತರಿಸಿ ಎಡಕ್ಕೊಂದು ಬಲಕ್ಕೊಂದು ತೂತು ಮಾಡಿ ದಾರ ಕಟ್ಟಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಗೊತ್ತಿರೋ ಮಕ್ಕಳಿಗೆ ಹಕ್ಕಿ ಯಾಕೆ, ಒಂದು ಕಡೆ ಖಾಲಿ ತಟ್ಟೆ, ಹಿಂದೆ ಇಡ್ಲಿ ಬರೀಲಿ. ಹಿಂದಿನ ಚಿತ್ರ ತಲೆಕೆಳಗಾಗಿ ಬರೀಬೇಕು, ಇದನ್ನ ಮಾತ್ರ ಮರೀಬೇಡಿ. ಹತ್ತು ನಿಮಿಷದ ಕೆಲಸ.

ಈಗ ಚಕ್ರ, ಕನ್ನಡಿ ಮುಂದೆ ತಿರುಗ್ಸಿ ಕಿಂಡಿಲಿ ನೋಡಿದ್ರೆ ಮೇಲಿನ ಚಿತ್ರ ನಡೆಯೋ ಹಾಗೆ ಕಾಣುತ್ತೆ. ಹೆಸರು ಫೆನಾಕಿಸ್ಟಿಸ್ಕೋಪ್, ಬ್ರಸೆಲ್ಸ್‌ನ ಜೋಸೆಫ್ ಪ್ಲಾಟೋ 1832ರ ಕೊನೇಲಿ ಮಾಡಿದ್ದು, ಹೆಚ್ಚುಕಮ್ಮಿ ಅದೇ ಹೊತ್ತಿಗೆ ವಿಯೆನ್ನಾದಲ್ಲಿ ಸೈಮನ್ ಸ್ಟಾಂಪ್‌ಫರ್ ಅನ್ನೋರೂ ತಮ್ಮಷ್ಟಕ್ಕೆ ತಾವೇ ಅದನ್ನೇ ಮಾಡಿದ್ರು. ಬೇಕಾಗಿರೋದು ಸೀರೆ ಬಾಕ್ಸಿನ ರಟ್ಟು, ಕಪ್ಪು ಚಾರ್ಟ್ ಪೇಪರ್, ಕಟ್ಟರ್, ಗುಂಡುಸೂಜಿ, ಹಿಂದೆ ರಬ್ಬರ್ ಇರೋ ಪೆನ್ಸಿಲ್ಲು, ಒಂದು ಮಣಿ. ಎಂ.ಜಿ. ರಸ್ತೆ ತನಕ ಹೋಗೋದೂ ಬೇಡ, ಬೀದಿ ಕೊನೆ ಬುಕ್‌ಸ್ಟಾಲಲ್ಲೇ ಸಿಗುತ್ತೆ. ರಟ್ಟನ್ನ 22 ಸೆಂಟಿಮೀಟರ್ ಅಗಲಕ್ಕೆ ಗುಂಡಗೆ ಕೊಯ್ದು, ಜಾಮಿಟ್ರಿ ಬಾಕ್ಸಿನ ಕೋನಮಾಪಕ ಇಟ್ಟು 30 ಡಿಗ್ರಿಗೊಂದರಂತೆ 12 ಗೆರೆ ಹಾಕಿ. ಪ್ರತಿ ಗೆರೆ ಮೇಲೆ ಅಂಚಿನಿಂದ ಒಳಕ್ಕೆ ಎರಡೂವರೆ ಸೆಂಟಿಮೀಟರ್ ಉದ್ದ, 3 ಮಿಲಿಮೀಟರ್ ಅಗಲದ ಕಿಂಡಿ ಕೊಯ್ಯಿರಿ (ಇದು ದೊಡ್ಡೋರೇ ಮಾಡಿ, ಕಟ್ಟರ್ ಮಕ್ಕಳ ಕೈಗೆ ಬೇಡ). ಒಂದು ಮಗ್ಗುಲಿಗೆ ಕಪ್ಪು ಹಾಳೆ ಅಂಟ್ಸಿ, ಇನ್ನೊಂದು ಮಗ್ಗುಲು ಚಿತ್ರಕ್ಕೆ. ನಡುವೆ ಗುಂಡುಸೂಜಿ ತೂರ್ಸಿ, ಮಣಿ ಪೋಣಿಸಿ, ಪೆನ್ಸಿಲ್ ರಬ್ಬರಿಗೆ ಚುಚ್ಚಿ. ಮಣಿ ಇಲ್ದಿದ್ರೆ ಉಜ್ಜುತ್ತೆ, ತಿರುಗಲ್ಲ.

ಕಿಂಡಿ ಅಗಲ ಮಾಡೋ ಆಸೆ ಬರುತ್ತೆ, ಜಾಸ್ತಿ ಕಾಣ್ಲಿ ಅಂತ. ಬೇಡ. ಈ ಆಟಿಕೆಲಿ ಕೆಲಸ ಮಾಡೋದೇ ಆ ಕಿಂಡಿ ಮತ್ತೆ ಕಿಂಡಿಗಳ ಮಧ್ಯದ ಕತ್ತಲು. ಕಣ್ಣಲ್ಲಿ ಚಿತ್ರ ಒಂದು ಕ್ಷಣ ಉಳ್ಕೊಳ್ಳುತ್ತೆ ಅದಕ್ಕೇ ಚಲನೆ ಕಾಣುತ್ತೆ ಅಂತ ಶಾಲೆಲಿ ಹೇಳ್ಕೊಟ್ಟಿರ್ತಾರೆ, ಬರೀ ಅಷ್ಟೇ ಆಗಿದ್ರೆ ಕಿಂಡಿ ಇಲ್ದೇ ತಿರುಗ್ಸಿದ್ರೂ ಎತ್ತು ನಡೀಬೇಕಿತ್ತಲ್ಲ, ನಡೆಯಲ್ಲ, ಬಣ್ಣದ ಉಂಗುರ ಕಾಣುತ್ತೆ ಅಷ್ಟೇ. ಒಂದೊಂದೇ ನಿಂತ ಚಿತ್ರ, ಮಧ್ಯೆ ಕತ್ತಲು, ಹೀಗೆ ತುಂಡು ತುಂಡಾಗಿ ಸಿಕ್ಕಿದ್ದನ್ನ ಜೋಡ್ಸಿ ಚಲನೆ ಮಾಡ್ಕೊಳ್ಳೋದು ಮಿದುಳು, ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ತೈಮರ್ 1912ರಲ್ಲಿ ಇದರ ಮೇಲೆ ದೊಡ್ಡ ಲೇಖನಾನೇ ಬರೆದ್ರು. ಮಕ್ಕಳಿಗೆ ಬಾಯಲ್ಲಿ ಹೇಳೋ ಬದಲು ಕಿಂಡಿಲಿ ಒಂದ್ಸಲ, ಕಿಂಡಿ ಬಿಟ್ಟು ಒಂದ್ಸಲ ತೋರ್ಸಿ, ಸಾಕು.

ಚಿತ್ರಕ್ಕೆ ಪುಟಿಯೋ ಚೆಂಡು ಸುಲಭ, ಆದ್ರೆ ಮಜಾ ಇರೋದು ಎತ್ತು ನಡೆಸೋದ್ರಲ್ಲಿ. ಶಿವರಾತ್ರಿ ಹೊತ್ತಿಗೆ ಸಿದ್ದಗಂಗೆ ದನಗಳ ಜಾತ್ರೆಗೆ ಹೋದಾಗ ಹಳ್ಳಿಕಾರ್ ಎತ್ತು ನಡೆಯೋದನ್ನ ಪಕ್ಕದಿಂದ ನೆಟ್ಟಗೆ ವಿಡಿಯೋ ಮಾಡ್ಕೊಳ್ಳಿ, ಜಾತ್ರೆ ಮುಗಿದಿದ್ರೆ ಪಕ್ಕದ ಮನೆ ಹಸು ಆದ್ರೂ ನಡೆಯುತ್ತೆ. ಮನಸಿಂದ ಬರೀತೀನಿ ಅನ್ಬೇಡಿ, ಕಾಲು ಖಂಡಿತ ತಪ್ಪುತ್ತೆ. ದೊಡ್ಡ ದೊಡ್ಡ ಚಿತ್ರಕಾರರೇ ಓಡೋ ಕುದುರೆನ ಮುಂದಿನ ಕಾಲು ಮುಂದಕ್ಕೆ ಹಿಂದಿನ ಕಾಲು ಹಿಂದಕ್ಕೆ ಚಾಚಿ ಹಾರಿಸ್ತಿದ್ರು, 1878ರ ಜೂನಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋಲಿ ಎಡ್ವರ್ಡ್ ಮೈಬ್ರಿಜ್ ಅನ್ನೋ ಫೋಟೋಗ್ರಾಫರ್ 12 ಕ್ಯಾಮೆರಾ ಸಾಲಾಗಿ ಇಟ್ಟು ಕುದುರೆ ಓಡ್ಸಿ ಫೋಟೋ ತೆಗೆದಾಗ ಗೊತ್ತಾಗಿದ್ದು, ನಾಲ್ಕೂ ಕಾಲು ನೆಲ ಬಿಡೋದು ಹೌದು, ಆದ್ರೆ ಚಾಚಿದಾಗ ಅಲ್ಲ, ಹೊಟ್ಟೆ ಕೆಳಗೆ ಮಡಚ್ಕೊಂಡಿರೋವಾಗ. ನಿಮ್ಮ ವಿಡಿಯೋಲಿ ಒಂದು ಕಾಲು ಎತ್ತಿದಾಗಿಂದ ಮತ್ತೆ ಅದೇ ಕಾಲು ಎತ್ತೋವರೆಗೂ ಒಂದು ಸುತ್ತು, ಅದನ್ನ ಸಮ ಅಂತರದಲ್ಲಿ 12 ಸ್ಕ್ರೀನ್‌ಶಾಟ್ ಮಾಡಿ. ಹದಿಮೂರನೇದು ಮೊದಲನೇದರ ಥರಾನೇ ಇರುತ್ತೆ, ಅದನ್ನ ಸೇರಿಸ್ಕೊಬೇಡಿ, ಸೇರಿಸ್ಕೊಂಡ್ರೆ ಎತ್ತು ಪ್ರತಿ ಸುತ್ತಿಗೂ ಮುಗ್ಗರಿಸುತ್ತೆ. ಜೆರಾಕ್ಸ್ ಅಂಗಡಿಲಿ ಎಲ್ಲಾ ಒಂದೇ ಹಾಳೆಲಿ ಪ್ರಿಂಟ್ ತೆಗೆಸಿ, ಕಿಟಕಿ ಗಾಜಿಗೆ ಒತ್ತಿ ಟ್ರೇಸ್ ಮಾಡಿ, ಕತ್ತರಿಸಿ ಕಿಂಡಿ ಕೆಳಗೆ ಒಂದೊಂದು ಅಂಟ್ಸಿ, ಕಾಲು ಚಕ್ರದ ನಡುವಿನ ಕಡೆಗೆ.

ನೋಡೋಕೆ ಕನ್ನಡಿ ಬೇಕು. ಚಿತ್ರ ಕನ್ನಡಿ ಕಡೆಗೆ, ಕಪ್ಪು ನಿಮ್ಮ ಕಡೆಗೆ, ಒಂದು ಕಣ್ಣು ಮುಚ್ಚಿ ಕಿಂಡಿಲಿ ನೋಡ್ತಾ ತಿರುಗ್ಸಿ, ಸೆಕೆಂಡಿಗೆ ಒಂದು ಸುತ್ತಾದ್ರೆ 12 ಚಿತ್ರ, ಸಾಕಾಗುತ್ತೆ. ಬೆಳಕು ಚಿತ್ರದ ಮೇಲೆ ಬೀಳ್ಬೇಕು, ಹಗಲು ಬೆಳಕೇ ಇರ್ಲಿ, ಅಗ್ಗದ ಎಲ್ಇಡಿ ಬಲ್ಬು ತಾನೇ ಮಿಣಿಮಿಣಿ ಅಂತಿರುತ್ತೆ, ಚಿತ್ರ ಕೆಡುತ್ತೆ. ಎತ್ತು ಹಿಂದಕ್ಕೆ ನಡೆದ್ರೆ ಚಕ್ರನ ಆ ಕಡೆಗೆ ತಿರುಗ್ಸಿ ಅಷ್ಟೇ. ಇನ್ನೊಂದು ಚಕ್ರದಲ್ಲಿ 12 ಕಿಂಡಿಗೆ 11 ಎತ್ತು ಮಾತ್ರ ಹಾಕಿ ನೋಡಿ, ಎತ್ತುಗಳು ನಿಂತಲ್ಲೇ ನಡೆಯೋ ಬದಲು ಚಕ್ರ ತಿರುಗೋದಕ್ಕೆ ಎದುರು ದಿಕ್ಕಲ್ಲಿ ಸಾಲಾಗಿ ಸುತ್ತು ಹೊಡೀತವೆ.

ಇದಾದ್ಮೇಲೆ ಬೇಕಿದ್ರೆ ಝೋಟ್ರೋಪ್. 1834ರಲ್ಲಿ ವಿಲಿಯಂ ಹಾರ್ನರ್ ಇದನ್ನ ಬರೆದಿಟ್ಟಿದ್ರೂ ಅಂಗಡಿಗೆ ಬಂದು ಮನೆಮಾತಾಗಿದ್ದು 1860ರ ದಶಕದಲ್ಲಿ. ಕನ್ನಡಿ ಬೇಡ, ನಾಲ್ಕು ಜನ ಸುತ್ತ ಕೂತು ಒಟ್ಟಿಗೆ ನೋಡ್ಬಹುದು. ಗ್ಯಾರೇಜಲ್ಲಿ ಹಳೇ ಬೇರಿಂಗ್ ಕೇಳಿ ತಂದು ಡಬ್ಬದ ತಳಕ್ಕೆ ಕೂರಿಸಿದ್ರೆ ಓಲಾಡಲ್ಲ. ಪಟ್ಟಿ ಉದ್ದ ಅಂದ್ರೆ ಡಬ್ಬದ ಒಳಗಿನ ಅಗಲ ಗುಣಿಸು 3.14. ಕಿಂಡಿಲಿ ನೋಡಿದಾಗ ಎತ್ತು ಸಣಕಲಾಗಿ ಕಾಣುತ್ತೆ, ಹಾಗಾಗಿ ಬರೆಯೋವಾಗಲೇ ಉದ್ದಕ್ಕೆ ಎಳೆದು ಬರೀರಿ, ಮೈಬ್ರಿಜ್ ಕೂಡ ತನ್ನ ಪ್ರೊಜೆಕ್ಟರಿನ ಗಾಜಿನ ಚಕ್ರಗಳಲ್ಲಿ ಕುದುರೆನ ಹಂಗೇ ಎಳೆದೇ ಬರೆಸಿದ್ದು. 1877ರಲ್ಲಿ ಎಮಿಲ್ ರೇನೋ ಕಿಂಡಿ ತೆಗೆದು ನಡುವೆ ಕನ್ನಡಿ ಚೂರು ಜೋಡಿಸಿದ್ರು, ಚಿತ್ರ ಬೆಳ್ಳಗೆ ಹೊಳೀತು, ಅದನ್ನೇ ಬೆಳೆಸಿ 1892ರಲ್ಲಿ ಪ್ಯಾರಿಸ್ಸಲ್ಲಿ ಪರದೆ ಮೇಲೆ ಕೈಯಲ್ಲಿ ಬರೆದ ಚಿತ್ರದ ಶೋ ನಡೆಸಿದ್ರು, ಲೂಮಿಯೇರ್ ಅಣ್ಣತಮ್ಮಂದಿರ ಮೊದಲ ಟಿಕೆಟ್ ಸಿನಿಮಾ ಶೋಗಿಂತ ಮೂರು ವರ್ಷ ಮುಂಚೆ. ಮನೇಲಿ ಅದು ಮಾಡೋಕೆ ಕನ್ನಡಿ ಕೊಯ್ಯೋ ತಲೆನೋವು, ನಾನಂತೂ ಸಲಹೆ ಕೊಡಲ್ಲ.

ವಿಡಿಯೋ ಮಾಡಿ ಅಜ್ಜಿಗೆ ವಾಟ್ಸಾಪ್ ಮಾಡ್ಬೇಕು ಅಂದ್ರೆ ಕನ್ನಡಿ, ಕಿಂಡಿ ಎರಡೂ ಬೇಡ, ಕಿಂಡಿ ಕೆಲಸನ ಕ್ಯಾಮೆರಾನೇ ಮಾಡುತ್ತೆ. ಫೋನ್ ಕ್ಯಾಮೆರಾದ ಪ್ರೋ ಮೋಡಲ್ಲಿ ಶಟರ್ ಸ್ಪೀಡ್ 1/500 ಸೆಕೆಂಡ್ ಇಲ್ಲಾ ಇನ್ನೂ ಜಾಸ್ತಿ ಇಟ್ಟು, ಬಿಸಿಲಲ್ಲಿ, ಚಿತ್ರದ ಕಡೆಯಿಂದ ನೇರವಾಗಿ ಹಿಡೀರಿ. ಸೆಕೆಂಡಿಗೆ 30 ಫ್ರೇಮ್ ಆದ್ರೆ 12 ಚಿತ್ರದ ಚಕ್ರ ಸೆಕೆಂಡಿಗೆ ಎರಡೂವರೆ ಸುತ್ತು ಬರ್ಬೇಕು, ಅಳೆಯೋಕೆ ಹೋಗ್ಬೇಡಿ, ಜೋರಾಗಿ ತಿರುಗ್ಸಿ ಬಿಟ್ಬಿಡಿ, ನಿಧಾನ ಆಗ್ತಾ ಆಗ್ತಾ ಆ ವೇಗಕ್ಕೆ ಬಂದಾಗ ಎತ್ತು ಕಚ್ಕೊಂಡು ನಡೆಯುತ್ತೆ, ಆ ತುಂಡು ಕಟ್ ಮಾಡಿ ಕಳ್ಸಿ. 60 ಫ್ರೇಮಿಗೆ ಇಟ್ರೆ ಐದು ಸುತ್ತು ಬೇಕಾಗುತ್ತೆ, ಗುಂಡುಸೂಜಿ ಮೇಲಿನ ಚಕ್ರ ಅಷ್ಟು ತಡ್ಕೊಳ್ಳಲ್ಲ, 30ಕ್ಕೇ ಇಟ್ಕೊಳ್ಳಿ.